ಮೆಸ್ಸಿಯಾನನ ಸಮ್ ಎಲ್ಲಿ?

ಅಳವಂಡಿಯಲ್ಲಿ ಕೂತು ಫ್ರೆಂಚ್ ಸಂಗೀತ ಕೇಳಲು ಯಾವ ಅಡ್ಡಿಯೂ ಇಲ್ಲ. ಕರೆಂಟ್ ಇರಬೇಕು, ಮನೆಯವರು ಮನೆಯಲ್ಲಿ ಇರಬಾರದು. ಇವೆರಡೂ ಒಂದೇ ದಿನ ಕೂಡಿಬರುವುದಿಲ್ಲ ಎಂಬುದಷ್ಟೇ ತೊಂದರೆ.

ನಮ್ಮದು ಕೊಪ್ಪಳ ತಾಲ್ಲೂಕಿನ ಹೋಬಳಿ ಊರು. ಸುತ್ತ ಎರಿ ಹೊಲ, ಕಡಲೆ, ಬಿಳಿಜೋಳ. ಹೊರಗಿನವರಿಗೆ ಈ ಹೆಸರು ಗೊತ್ತಿದ್ದರೆ ಅದು ಹೈದರಾಬಾದ್ ವಿಮೋಚನೆಗೆ ಹೋರಾಡಿ, 1952ರಲ್ಲಿ ಮೊದಲ ಲೋಕಸಭೆಗೆ ಆರಿಸಿಹೋದ ಶಿವಮೂರ್ತಿಸ್ವಾಮಿ ಅಳವಂಡಿಯವರಿಂದ. ಸಂಗೀತದ ಮಾತಿಗೆ ಬಂದರೆ ನಾವು ಗದಗಿನ ಕಡೆ ಮುಖ ಮಾಡಿ ಕೂತವರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಭೀಮಸೇನ ಜೋಶಿಯವರು ಹುಟ್ಟಿದ ಸೀಮೆ ಅದು. ಹೀಗಾಗಿ ನಮ್ಮ ಕಡೆ ಹಾರ್ಮೋನಿಯಂ ಇಲ್ಲದ ಪುರಾಣ ಪ್ರವಚನ ಇಲ್ಲ. ಹಾಡುವವನ ತಾಳ ತಪ್ಪಿದಾಗ ಹಿಂದಿನ ಸಾಲಿನಲ್ಲಿ ಒಬ್ಬರಾದರೂ ಕೆಮ್ಮದೆ ಬಿಡುವುದಿಲ್ಲ. ಇಂಥ ಊರಿಗೆ ಒಲಿವಿಯೇ ಮೆಸ್ಸಿಯಾನ್ ಎಂಬ ಫ್ರೆಂಚ್ ಸಂಗೀತಕಾರ ಬಂದದ್ದು ನನ್ನ ಸೋದರಳಿಯನ ಸೂಟ್‌ಕೇಸಿನಲ್ಲಿ.

ಅಳಿಯ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕೆಲಸಕ್ಕಿದ್ದಾನೆ. ದೀಪಾವಳಿಗೆ ಬಂದವನು ಸಿ.ಡಿ.ಗಳ ಒಂದು ಕಟ್ಟು ತೆಗೆದು ನನ್ನ ಮುಂದಿಟ್ಟ. "ಮಾಮಾ, ಇಂವ ನಮ್ಮ ಗ್ರೆನೋಬಲ್ ಕಡ್ಯಾಂವ. ಬ್ಯಾಸಿಗ್ಯಾಗ ಅಲ್ಲೇ ಪೆತಿಶೆ ಅನ್ನೂ ಊರಾಗ ಕುಂತು ಬರೀತಿದ್ದ. ನಿಮಗ ಸಂಗೀತ ಅಂದ್ರ ಜೀವ ಅಲ್ರಿ, ಅದಕ್ಕ ತಂದೆ" ಎಂದ. ಈಗ ಅಲ್ಲಿ ಸಿ.ಡಿ. ಕೊಳ್ಳುವವರೇ ಇಲ್ಲ, ಬಹಳ ಅಗ್ಗಕ್ಕೆ ಸಿಕ್ಕವು ಎಂಬುದು ಅವನ ತಾಯಿಯ ಬಾಯಿಂದ ಆಮೇಲೆ ಹೊರಬಿತ್ತು. ಚಾಕೊಲೇಟು ಎಲ್ಲಿ ಎಂದು ನಮ್ಮ ಮನೆಯಾಕೆ ಕೇಳಿದ ಪ್ರಶ್ನೆಗೆ ಮಾತ್ರ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಮೆಸ್ಸಿಯಾನ್ ಹುಟ್ಟಿದ್ದು 1908ರಲ್ಲಿ, ಅವಿನ್ಯೋ ಎಂಬ ಊರಿನಲ್ಲಿ, ತೀರಿಕೊಂಡದ್ದು 1992ರಲ್ಲಿ. ಪ್ಯಾರಿಸ್ಸಿನ ತ್ರಿನಿತೆ ಚರ್ಚಿನಲ್ಲಿ 1931ರಿಂದ ಅರವತ್ತು ವರ್ಷ ಆರ್ಗನ್ ನುಡಿಸಿದ. ಇಷ್ಟು ಓದಿ, ಭಕ್ತ ಮನುಷ್ಯ, ಭಜನೆಯ ಜಾತಿಯದೇ ಏನೋ ಇರುತ್ತದೆ ಎಂದು ಧೈರ್ಯ ತಂದುಕೊಂಡೆ. ಮಗಳ ಮದುವೆಯ ವಿಡಿಯೊ ನೋಡಲೆಂದು ಕೊಂಡಿದ್ದ ಡಿವಿಡಿ ಪ್ಲೇಯರನ್ನು ಅಟ್ಟದಿಂದ ಇಳಿಸಿ, ದೂಳು ಒರೆಸಿ, ಟಿ.ವಿ.ಗೆ ಜೋಡಿಸಿ, ಮೊದಲ ಸಿ.ಡಿ. ಹಾಕಿದೆ. ಪರದೆ ಕಪ್ಪಗಿತ್ತು, ಮೂಲೆಯಲ್ಲಿ ನಿಮಿಷ, ಸೆಕೆಂಡುಗಳ ಲೆಕ್ಕವಷ್ಟೇ ಓಡುತ್ತಿತ್ತು.

"ಚಿತ್ರಾನ ಬರವಲ್ದು, ಏನ್ ನೋಡಾಕತ್ತೀರಿ?" ಒಳಗಿನಿಂದ ಪ್ರಶ್ನೆ ಬಂತು.

"ನೋಡಾಕತ್ತಿಲ್ಲ, ಕೇಳಾಕತ್ತೀನಿ."

"ಕೇಳಾಕ ಟಿ.ವಿ. ಕಡೆ ಯಾಕ ಮಾರಿ ಮಾಡೀರಿ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ಮೊದಲ ಸಿ.ಡಿ. 'ತುರಂಗಲೀಲಾ ಸಿಂಫನಿ.' 1946ರಿಂದ 1948ರವರೆಗೆ ಬರೆದದ್ದು; 1949ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲ ಸಲ ನಡೆಸಿಕೊಟ್ಟದ್ದು. ಹತ್ತು ಭಾಗ, ಒಂದೂಕಾಲು ಗಂಟೆ. ಹೆಸರು ನೋಡಿ ನಮ್ಮ ಓಣಿಯ ತಬಲಾ ಮಾಸ್ತರರನ್ನು ಕರೆಸಿದೆ. ಶ್ರಾವಣದಲ್ಲಿ ಪ್ರವಚನಕ್ಕೆ ತಬಲಾ ಸಾಥ್ ಕೊಡುವ ಅವರು, ಉಳಿದ ಹನ್ನೊಂದು ತಿಂಗಳು ಉಳಿದವರ ತಬಲಾದಲ್ಲಿ ತಪ್ಪು ಹುಡುಕುತ್ತಾರೆ. ಬಂದವರೇ ಚಹಾ ಕುಡಿದು, ಬಲಗೈ ತೊಡೆಯ ಮೇಲಿಟ್ಟು, ತಾಳ ಹಾಕಲು ಸಿದ್ಧರಾದರು. ಕೈ ಎತ್ತಿದ್ದು ಎತ್ತಿದ ಹಾಗೇ ಉಳಿಯಿತು. ಹಿತ್ತಾಳೆ ವಾದ್ಯಗಳು ಒಂದು ಕಡೆ ಗರ್ಜಿಸುತ್ತಿವೆ, ಪಿಯಾನೊ ಇನ್ನೊಂದು ಕಡೆ ಓಡುತ್ತಿದೆ, ಗಂಟೆ ಜಾಗಟೆಗಳಿಗೆ ಬೇರೆಯದೇ ಸಂಸಾರ.

"ಸರ, ಸಮ್ ಎಲ್ಲೈತ್ರಿ?" ಎಂದರು, ಮೊದಲ ಭಾಗ ಮುಗಿದ ಮೇಲೆ. ಸಮ್ ಎಂದರೆ ತಾಳ ಒಂದು ಸುತ್ತು ಮುಗಿಸಿ ಮರಳಿ ಬಂದು ಸೇರುವ ಮೊದಲ ಪೆಟ್ಟು.

ಎರಡನೆಯದರಲ್ಲಿ ಸಿಗಬಹುದು ಎಂದೆ. ಸಿಗಲಿಲ್ಲ. ಐದನೆಯ ಭಾಗದ ಕುಣಿತದಲ್ಲಿ ಸಿಕ್ಕಂತಾಯಿತು, ಮಾಸ್ತರರು "ಹಾಂ!" ಎಂದು ತೊಡೆ ತಟ್ಟುವಷ್ಟರಲ್ಲಿ ಅದು ಅರ್ಧ ಮಾತ್ರೆ ಜಾಸ್ತಿ ಹಾಕಿಕೊಂಡು ಪಾರಾಯಿತು. ಈ ಅರ್ಧ ಮಾತ್ರೆ ಸೇರಿಸುವುದು ಮೆಸ್ಸಿಯಾನನ ಹುಟ್ಟುಗುಣ. ಸರಿಯಾಗಿ ನಡೆಯುತ್ತಿರುವ ಲಯದಲ್ಲಿ ಎಲ್ಲೋ ಒಂದು ಸಣ್ಣ ಸ್ವರವನ್ನೋ ಚುಕ್ಕೆಯನ್ನೋ ತೂರಿಸುತ್ತಾನೆ, ಎಣಿಸುವವನ ಲೆಕ್ಕ ಕೆಡುತ್ತದೆ. ಮಾಸ್ತರರಿಗೆ ಅಂದು ಹಿಡಿಸಿದ್ದು ಒಂದೇ ವಾದ್ಯ: ಓಂದ್ ಮಾರ್ತನೊ. ಮೋರಿಸ್ ಮಾರ್ತನೊ ಎಂಬಾತ 1928ರಲ್ಲಿ ಜನರ ಮುಂದಿಟ್ಟ ವಿದ್ಯುತ್ ವಾದ್ಯ ಅದು. ಬೆರಳಿಗೆ ಉಂಗುರ ಹಾಕಿಕೊಂಡು ತಂತಿಯ ಉದ್ದಕ್ಕೆ ಜಾರಿಸಿದರೆ ಸ್ವರ ಕಡಿಯದೆ ಏರುತ್ತದೆ, ಇಳಿಯುತ್ತದೆ. "ಇದರಾಗ ಮೀಂಡ್ ಐತಿ ನೋಡ್ರಿ. ಉಳಿದದ್ದು ಬ್ಯಾಂಡ್ ಕಂಪನಿ" ಎಂದು ತೀರ್ಪು ಕೊಟ್ಟು ಎದ್ದುಹೋದರು.

ಅವರನ್ನು ಮರಳಿ ಕರೆತಂದದ್ದು ಸಿ.ಡಿ.ಯ ಜೊತೆಗಿದ್ದ ಪುಟ್ಟ ಪುಸ್ತಕ. ಅದರಲ್ಲಿ ಶಾರ್ಙ್ಗದೇವನ ಹೆಸರು ಇತ್ತು! 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ದೊರೆ ಸಿಂಘಣನ ಆಶ್ರಯದಲ್ಲಿ 'ಸಂಗೀತ ರತ್ನಾಕರ' ಬರೆದ ಶಾರ್ಙ್ಗದೇವ. ಸೇವುಣರು ಕನ್ನಡದಲ್ಲಿ ಶಾಸನ ಹಾಕಿಸಿದವರು. ಸಿಂಘಣನ ಕಾಲಕ್ಕೆ ಅವರ ರಾಜ್ಯ ತುಂಗಭದ್ರೆಯ ದಂಡೆಯವರೆಗೆ ಬಂದಿತ್ತು. ಆ ಗ್ರಂಥದ ತಾಳಾಧ್ಯಾಯದಲ್ಲಿ 120 ದೇಶಿ ತಾಳಗಳ ಪಟ್ಟಿ ಇದೆ. ಪ್ಯಾರಿಸ್ಸಿನಲ್ಲಿ ಲವಿನ್ಯಾಕ್ ಎಂಬುವರು ಹೊರಡಿಸಿದ ಸಂಗೀತದ ವಿಶ್ವಕೋಶದೊಳಗೆ ಭಾರತದ ಮೇಲೊಂದು ದೊಡ್ಡ ಲೇಖನವಿತ್ತು. ಪಟ್ಟಿ ಅದರಲ್ಲಿ ಅಚ್ಚಾಗಿತ್ತು. ಹುಡುಗ ಮೆಸ್ಸಿಯಾನನ ಕಣ್ಣಿಗೆ ಅದು ಬಿತ್ತು. ಮುಂದೆ ಜೀವನಪೂರ್ತಿ ಆ 120ನ್ನೂ ಬಿಡಲಿಲ್ಲ. ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ, ಸಿಂಹವಿಕ್ರಮ ಎಲ್ಲವನ್ನೂ ಎತ್ತಿ ಪಿಯಾನೊ, ಆರ್ಗನ್ನುಗಳಲ್ಲಿ ಕೂರಿಸಿದ. ತುರಂಗಲೀಲವೂ ಅದೇ ಪಟ್ಟಿಯ ಒಂದು ತಾಳ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 'ಸಂಗೀತ ರತ್ನಾಕರ'ಕ್ಕೆ 'ಕಲಾನಿಧಿ' ಎಂಬ ಹೆಸರಾಂತ ವ್ಯಾಖ್ಯಾನ ಬರೆದ ಕಲ್ಲಿನಾಥ 15ನೆಯ ಶತಮಾನದ ವಿಜಯನಗರದ ಆಸ್ಥಾನದವನು. ಅಳವಂಡಿಯಿಂದ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಹಂಪಿ ಸೇರಬಹುದು. ಹೊಳೆಯಾಚೆಯ ಆನೆಗೊಂದಿಯಂತೂ ನಮ್ಮದೇ ಜಿಲ್ಲೆ, ಗಂಗಾವತಿ ತಾಲ್ಲೂಕು. ಈ ವಿಷಯ ಹೇಳಿದಾಗ ಮಾಸ್ತರರ ಮುಖದಲ್ಲಿ ಆದ ಬದಲಾವಣೆ ನೋಡಬೇಕಿತ್ತು. "ಅಂದ್ರ ಆ ಮನಶ್ಯಾ ನಮ್ಮ ತಾಳ ಒಯ್ದಾನ?" "ಒಯ್ದಾನ." "ಹಂಗಾರ ಲೆಕ್ಕ ತಗೋಬೇಕಲ್ರಿ!" ಎಂದು ಕೂತರು. ಅಲ್ಲಿಯವರೆಗೆ ಆತ ಪರದೇಶದವನು. ಅಲ್ಲಿಂದ ಮುಂದೆ ಕೈಗಡ ಒಯ್ದು ಹಿಂದಿರುಗಿಸದವನು. ನಮ್ಮ ಕಡೆ ಎರಡನೆಯದೇ ಹೆಚ್ಚು ಹತ್ತಿರದ ಸಂಬಂಧ.

ಲೆಕ್ಕ ತೆಗೆದುಕೊಂಡದ್ದು 'ಕಾಲಾಂತ್ಯದ ಚತುರ್ವಾದ್ಯ'ದ ಮೇಲೆ. ಪಿಯಾನೊ, ವಯೊಲಿನ್, ಚೆಲ್ಲೊ, ಕ್ಲಾರಿನೆಟ್ ನಾಲ್ಕಕ್ಕೆ ಬರೆದ ಎಂಟು ಭಾಗಗಳ ಕೃತಿ. ಮೊದಲ ಭಾಗದಲ್ಲಿ ಪಿಯಾನೊ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಮೂರನ್ನೂ ಸಾಲಾಗಿ ಜೋಡಿಸಿ 17 ಪೆಟ್ಟುಗಳ ಒಂದು ಆವರ್ತ ಮಾಡಿಕೊಂಡಿದೆ. ಅದೇ ಪಿಯಾನೊದ ಸ್ವರಗುಚ್ಛಗಳ ಸಾಲಿನಲ್ಲಿ ಮಾತ್ರ ಇರುವುದು 29. ಹದಿನೇಳು ಮುಗಿದು ಮತ್ತೆ ಒಂದರಿಂದ ಶುರುವಾದಾಗ ಸ್ವರ ಹದಿನೆಂಟನೆಯದು. ಹಾಗಾದರೆ ಎರಡೂ ಕೂಡಿ ಮೊದಲಿನ ಜಾಗಕ್ಕೆ ಬರುವುದು ಯಾವಾಗ? ಮಾಸ್ತರರು ಕ್ಯಾಲೆಂಡರಿನ ಹಿಂದೆ ಗುಣಾಕಾರ ಮಾಡಿದರು: 493ನೆಯ ಪೆಟ್ಟು ಮುಗಿದ ಮೇಲೆ. ಈ ಭಾಗ ಇರುವುದೇ ಸುಮಾರು ಮೂರು ನಿಮಿಷ. ಲೆಕ್ಕ ಅರ್ಧಕ್ಕೂ ಬರುವ ಮೊದಲೇ ನಿಂತುಬಿಡುತ್ತದೆ.

"ಸಮ್ ಐತ್ರಿ ಸರ. ಆದ್ರ ಅದು ಬರೂದ್ರಾಗ ಮಂದಿ ಪ್ರಸಾದ ಮುಗಿಸಿ ಮನಿಗೆ ಹೋಗಿರ್ತಾರ" ಎಂದರು. ಮೆಸ್ಸಿಯಾನನ ಮೇಲೆ ಬಂದ ಪಾಂಡಿತ್ಯದ ಬರಹಗಳನ್ನು ಸಾಕಷ್ಟು ತಿರುವಿದ್ದೇನೆ. ಇದಕ್ಕಿಂತ ನಿಖರವಾದ ಮಾತು ಕಂಡಿಲ್ಲ.

ಆರನೆಯ ಭಾಗದಲ್ಲಿ ಇನ್ನೊಂದು ಆಟ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಲಯಗಳು, ನಾಲ್ಕೂ ವಾದ್ಯ ಒಂದೇ ಸ್ವರದಲ್ಲಿ. ತೆನ್ನಾಲಿಯ 'ವಿಕಟಕವಿ' ಇದ್ದಾನಲ್ಲ, ಅದೇ ಉಪಾಯ ಎಂದು ವಿವರಿಸಿದೆ. ಮಾಸ್ತರರು ಕ್ಷಣ ಯೋಚಿಸಿ, "ಅಂದ್ರ ತಿರುವು ಮುರುವು ಬಾರಿಸಿದ್ರೂ ಯಾರಿಗೂ ತಿಳ್ಯೂದಿಲ್ಲ. ಹಗರ ಆತಲ್ರಿ ನಮ್ಮ ಹುಡುಗುರಿಗೆ" ಎಂದರು.

ಈ ಕೃತಿಯನ್ನು ಬರೆದು ಮುಗಿಸುವಾಗ ಮೆಸ್ಸಿಯಾನ್ ಜರ್ಮನ್ನರ ಕೈಯಲ್ಲಿ ಯುದ್ಧಕೈದಿ. ಗೋರ್ಲಿಟ್ಸ್ ಊರಿನ ಬಂದಿಶಿಬಿರದಲ್ಲಿ, 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ ಮೊದಲ ಪ್ರಯೋಗ. ಐದು ಸಾವಿರ ಕೈದಿಗಳು ಕೇಳಿದರು, ಚೆಲ್ಲೊಗೆ ಮೂರೇ ತಂತಿ ಇತ್ತು ಎಂದು ಆತ ಮುಂದೆ ಹೇಳುತ್ತಿದ್ದ. ಚೆಲ್ಲೊ ನುಡಿಸಿದ ಎತಿಯೆನ್ ಪಾಸ್ಕಿಯೇ ಮಾತ್ರ, ನಾಲ್ಕೂ ತಂತಿ ಇದ್ದವು ಸ್ವಾಮಿ, ಕೂತವರು ಕೆಲವು ನೂರು ಅಷ್ಟೇ ಎಂದು ಕೊನೆಯವರೆಗೂ ಸಾಧಿಸಿದ. ಸಭೆಯ ಜನರನ್ನು ಎಣಿಸುವ ಈ ಪದ್ಧತಿ ನಮಗೆ ಹೊಸದಲ್ಲ. ಚುನಾವಣೆ ಬಂದಾಗ ನಮ್ಮೂರ ಬಯಲಿನಲ್ಲೂ ಹೀಗೇ ಎಣಿಸುತ್ತಾರೆ. ಅದೇ ಪಾಸ್ಕಿಯೇ, ಮೆಸ್ಸಿಯಾನ್ ಇಬ್ಬರೂ ಕೂಡಿ 1956ರಲ್ಲಿ ಮಾಡಿದ ಧ್ವನಿಮುದ್ರಣ ಇದೆ. ಸದ್ದು ಹಳೆಯದು, ಕ್ಲಾರಿನೆಟ್ ತುಸು ಒಣಗಿದೆ. ಆದರೂ ನನ್ನ ಮತ ಅದಕ್ಕೇ. 1970ರ ದಶಕದ 'ತಾಶಿ' ತಂಡದ ಅಮೆರಿಕನ್ ಮುದ್ರಣ ಹೆಚ್ಚು ಹೊಳಪಿನದು. ಹೊಸಬರು ಅದರಿಂದ ಶುರು ಮಾಡಿದರೆ ಸುಖ.

ಐದನೆಯ ಭಾಗ ಬಂದಾಗ ಮಾಸ್ತರರು ತಾಳ ಹಾಕುವುದನ್ನೇ ಬಿಟ್ಟರು. ಚೆಲ್ಲೊ ಮತ್ತು ಪಿಯಾನೊ ಮಾತ್ರ. ವೇಗದ ಸೂಚನೆಯಾಗಿ ಮೆಸ್ಸಿಯಾನ್ ಅಲ್ಲಿ 'ಅನಂತವಾಗಿ ನಿಧಾನ' ಎಂದು ಬರೆದಿದ್ದಾನೆ. ಸವಾಯಿ ಗಂಧರ್ವರ ಶಿಷ್ಯಪರಂಪರೆಯ ವಿಲಂಬಿತ ಕೇಳಿ ಬೆಳೆದ ಕಿವಿಗೆ ಇದೇನು ಹೊಸದೇ? ಚೆಲ್ಲೊ ಒಂದೊಂದು ಸ್ವರದ ಮೇಲೂ ನಿಲ್ಲುತ್ತದೆ, ಸರಿಯುತ್ತದೆ, ಇನ್ನೂ ಮೇಲೆ ಹೋಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಸಹ ನಿಂತಿತು. ಈ ಒಂದು ಭಾಗವನ್ನೇ ಬೇರೆ ಬೇರೆ ಮುದ್ರಣಗಳಲ್ಲಿ ಕೇಳೋಣವೆಂದು ಮರುದಿನ ಮೊಬೈಲಿನಲ್ಲಿ ಹುಡುಕಿ ಹಚ್ಚಿದೆ. ಚೆಲ್ಲೊ ಅನಂತವನ್ನು ಇನ್ನೇನು ಮುಟ್ಟಬೇಕು ಎನ್ನುವಾಗ ಹೆಣ್ಣುದನಿಯೊಂದು, ನಿಮ್ಮ ಬಂಗಾರದ ಮೇಲೆ ಕಡಿಮೆ ಬಡ್ಡಿಗೆ ಸಾಲ ಬೇಕೆ ಎಂದು ಕೇಳಿತು. ಮಾಸ್ತರರು ಬಡ್ಡಿ ಎಷ್ಟಂತೆ ಎಂದು ವಿಚಾರಿಸಿದರು. ಸಿ.ಡಿ.ಗೆ ಈಗಲೂ ಬೆಲೆ ಇರುವುದು ಈ ಕಾರಣಕ್ಕೆ.

ನಮ್ಮ ಮನೆಯಾಕೆಯನ್ನು ಮೆಸ್ಸಿಯಾನನ ಕಡೆಗೆ ಒಲಿಸಿದ್ದು ಬಣ್ಣ. ಸ್ವರಗುಚ್ಛ ಕೇಳಿದರೆ ಆತನ ಮನಸ್ಸಿಗೆ ಬಣ್ಣ ಕಾಣುತ್ತಿತ್ತು. ಇದೇ ಚತುರ್ವಾದ್ಯದ ಎರಡನೆಯ ಭಾಗದ ಪಿಯಾನೊಗೆ ನೀಲಿ–ಕಿತ್ತಳೆ ಬಣ್ಣ ಎಂದು ಬರೆದೇ ಇಟ್ಟಿದ್ದಾನೆ. ಇಳಕಲ್ ಸೀರೆಯ ವಿಷಯದಲ್ಲಿ ಮೂರು ತಾಲ್ಲೂಕಿನ ಹೆಂಗಸರು ಸಲಹೆ ಕೇಳುವ ನಮ್ಮಾಕೆ ಕಣ್ಣು ಮುಚ್ಚಿ ಕೇಳಿ, "ಒಡಲ ನೀಲಿ ಅನ್ನೂದು ಖರೇ. ದಡಿ ಕಿತ್ತಳಿ ಅಲ್ಲ, ಕೆಂಪು" ಎಂದಳು. ಮೆಸ್ಸಿಯಾನನ ಹೆಂಡತಿ ಇವೋನ್ ಲೋರಿಯೋ ಇದನ್ನು ಒಪ್ಪುತ್ತಿದ್ದಳೋ ಇಲ್ಲವೋ. ಆಕೆ ಗಂಡನ ಪಿಯಾನೊ ಕೃತಿಗಳನ್ನೆಲ್ಲ ನುಡಿಸಿದವಳು. ಆಕೆಯ ತಂಗಿ ಜಾನ್ ಲೋರಿಯೋ ಓಂದ್ ಮಾರ್ತನೊ ನುಡಿಸುವುದರಲ್ಲಿ ಎತ್ತಿದ ಕೈ. ಗಂಡ ಬರೆದದ್ದು, ಹೆಂಡತಿ ಪಿಯಾನೊ, ನಾದಿನಿ ಓಂದ್: ನಮ್ಮ ಹಳೆಯ ನಾಟಕ ಕಂಪನಿಗಳ ಹಾಗೆ ಮನೆಮಂದಿಯೇ ಮೇಳ. ಕೊರಿಯಾದ ಮ್ಯುಂಗ್–ವುನ್ ಚುಂಗ್ 1990ರಲ್ಲಿ ಪ್ಯಾರಿಸ್ಸಿನ ಬಾಸ್ತಿಯ್ ಒಪೆರಾದ ವಾದ್ಯವೃಂದದೊಂದಿಗೆ ಮುದ್ರಿಸಿದ 'ತುರಂಗಲೀಲಾ'ದಲ್ಲಿ ಅಕ್ಕತಂಗಿಯರಿಬ್ಬರೂ ಇದ್ದಾರೆ. ಒಂದೇ ಮುದ್ರಣ ಕೊಳ್ಳುವುದಾದರೆ ಅದನ್ನು ಕೊಳ್ಳಿ. "ನೋಡು, ಗಂಡ ಬರೆದದ್ದನ್ನೆಲ್ಲ ಆಕೆ ನುಡಿಸಿದಳು" ಎಂದೆ, ಸ್ವಲ್ಪ ದನಿ ಏರಿಸಿ. "ಆತ ಏನರ ಬರದಿದ್ನಲ್ರಿ" ಎಂದು ಉತ್ತರ ಬಂತು.

ಹಕ್ಕಿಗಳ ವಿಷಯ ಮಾತ್ರ ಅವ್ವನ ಪಾಲಿಗೆ ಹೋಯಿತು. ಮೆಸ್ಸಿಯಾನ್ ನಸುಕಿನಲ್ಲೆದ್ದು ನೋಟುಬುಕ್ಕು ಹಿಡಿದು, ಕಾಡು ಹೊಲ ಅಲೆದು, ಹಕ್ಕಿಗಳ ಕೂಗನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. 1956–58ರಲ್ಲಿ ಬರೆದ 'ಹಕ್ಕಿಗಳ ಪಟ್ಟಿ' ಹದಿಮೂರು ಪಿಯಾನೊ ಕೃತಿಗಳ ಕಂತೆ, ಎರಡೂವರೆ ಗಂಟೆಗೂ ಮೀರಿದ್ದು. ಅವ್ವ ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಒಂದಿಷ್ಟು ಕೇಳಿ, "ಯಪ್ಪಾ, ಆ ಹಕ್ಕಿಗೆ ಏನಾಗೈತಿ? ಯಾರರ ಕಲ್ಲ ಒಗದಾರೇನು?" ಎಂದಳು. ಪಿಯಾನೊದಲ್ಲಿ ಹಕ್ಕಿಯ ಕೂಗು ಹಾಗೇ ಕೇಳುತ್ತದೆ: ನಿಧಾನ ಮಾಡಿದ್ದು, ದಪ್ಪ ಮಾಡಿದ್ದು, ಗಾಬರಿಗೊಂಡದ್ದು. 1956ರಲ್ಲಿ ಮೊದಲು ನುಡಿಸಿದ 'ಪರದೇಶದ ಹಕ್ಕಿಗಳು' ಇನ್ನೂ ಮಜಾ. ಅದರಲ್ಲಿ ಅಮೆರಿಕದ ಹಕ್ಕಿಗಳನ್ನು ಆತ ಕಾರ್ನೆಲ್ ವಿಶ್ವವಿದ್ಯಾಲಯದವರ ಗ್ರಾಮಫೋನ್ ತಟ್ಟೆ ಕೇಳಿ ಬರೆದುಕೊಂಡ. ಅಂದರೆ ನಾನು ಕೇಳುತ್ತಿದ್ದದ್ದು ರೆಕಾರ್ಡಿನಿಂದ ಹುಟ್ಟಿದ ಸಂಗೀತದ ರೆಕಾರ್ಡು. ಕೃತಿ ಶುರುವಾಗುವುದು ಭಾರತದ ಗುಡ್ಡದ ಮೈನಾದಿಂದ. ಅದರ ದಾಯಾದಿ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಅವ್ವನಿಗೆ ವಿವರಿಸಿದೆ. "ಗೊರವಂಕ ಪರದೇಶದ್ದು ಯಾವಾಗ ಆತು?" ಎಂದು ಕೇಳಿ, ಮೊರ ಜಾಡಿಸಿದಳು. ಹಿತ್ತಲ ಬೇವಿನ ಮರದ ಗೊರವಂಕಗಳು ಒಟ್ಟಿಗೇ ಎದ್ದವು; ಅವಕ್ಕೂ ಈ ಮಾತು ಹಿಡಿಸಿದಂತಿರಲಿಲ್ಲ.

ಈಗ ಮಾಸ್ತರರು ಹಟ ಹಿಡಿದಿದ್ದಾರೆ: 120ರಲ್ಲಿ ಒಂದೊಂದನ್ನೂ ಕೈಯಲ್ಲಿ ಹಾಕಿ ನೋಡಿ, ಫ್ರೆಂಚ್ ಮನುಷ್ಯ ಎಲ್ಲೆಲ್ಲಿ ಅರ್ಧ ಮಾತ್ರೆ ಸೇರಿಸಿದ್ದಾನೋ ಅಷ್ಟನ್ನೂ ಪಟ್ಟಿ ಮಾಡಬೇಕು. ಮದರಾಸಿನ ಅಡ್ಯಾರ್ ಗ್ರಂಥಾಲಯದವರು 'ಸಂಗೀತ ರತ್ನಾಕರ'ವನ್ನು ಕಲ್ಲಿನಾಥನ ವ್ಯಾಖ್ಯಾನದೊಂದಿಗೆ 1943ರಿಂದ 1953ರವರೆಗೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತಾಳಾಧ್ಯಾಯ ಇರುವುದು ಮೂರನೆಯದರಲ್ಲಿ. ಕೊಪ್ಪಳ, ಗದಗ, ಹೊಸಪೇಟೆ ಕಡೆಯ ಓದುಗರಲ್ಲಿ ಯಾರ ಕಪಾಟಿನಲ್ಲಾದರೂ ಆ ಮೂರನೆಯ ಸಂಪುಟ ಇದ್ದರೆ ದಯವಿಟ್ಟು ಎರಡು ತಿಂಗಳ ಮಟ್ಟಿಗೆ ಕೊಡಿ. ಹಿಂದಿರುಗಿಸುವ ಹೊಣೆ ನನ್ನದು, ಮಾಸ್ತರರದಲ್ಲ.