ಸಂಶೆ-ಶಬ್ದಾರ್ಥ-ನಿರ್ಣಯ, ಅಥವಾ ಗಡಹಿಂಗ್ಲಜ ಪಂಥದ ನವ್ಯನ್ಯಾಯ

ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನ. ಗೌತಮ ಮಹರ್ಷಿಗಳು ಅದಕ್ಕೆ ಐದು ಕಾರಣ ಹೇಳಿ ಮುಂದಿನ ಸೂತ್ರಕ್ಕೆ ನಡೆದುಬಿಟ್ಟರು. ಅವರು ಕಬ್ಬು ಬೆಳೆದವರಲ್ಲ ಎಂಬುದು ಇದರಿಂದಲೇ ಸಿದ್ಧ. ಕಬ್ಬು ಹೇರಿಕೊಂಡು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಒಮ್ಮೆ ನಿಂತಿದ್ದರೆ ಆರನೆಯ ಕಾರಣ ತಾನಾಗಿ ಹೊಳೆಯುತ್ತಿತ್ತು. ಆ ಕೊರತೆ ತುಂಬಲು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಎಂಬ ತ್ರಿಸ್ಥಳದ ಕನ್ನಡಿಗರು ದಿನವೂ ಆಡುವ ‘ಸಂಶೆ’ ಶಬ್ದದ ಅರ್ಥವನ್ನು ಇಲ್ಲಿ ನಿರ್ಣಯಿಸಲಾಗಿದೆ.

ಪುಸ್ತಕದಲ್ಲಿ ಸಂಶಯ, ಬಾಯಲ್ಲಿ ಸಂಶೆ. ನಡುವಿನ ಯಕಾರ ಎಲ್ಲಿ ಹೋಯಿತು? ಪಕ್ಕದ ಓಣಿಯ ಮರಾಠಿಗರ ಸಂಶಯದಲ್ಲಿ ಅದು ಇನ್ನೂ ಭದ್ರವಾಗಿದೆ. ಯಾರು ಒಯ್ದರೆಂದು ಬೇರೆ ಹೇಳಬೇಕಿಲ್ಲ.

ಸಮಾನಾರ್ಥಕಗಳೆಂದು ಕೋಶಕಾರರು ಗುಡ್ಡೆ ಹಾಕಿರುವ ಶಬ್ದಗಳು ಈ ಸೀಮೆಯಲ್ಲಿ ಸಮಾನವೂ ಅಲ್ಲ, ಅರ್ಥಕ್ಕೆ ಒಗ್ಗುವುದೂ ಇಲ್ಲ. ‘ಅನುಮಾನ’ವನ್ನೇ ನೋಡಿ. ಗೌತಮರಿಗೆ ಅದು ಪ್ರಮಾಣ: ಹೊಗೆ ಕಂಡರೆ ಬೆಂಕಿ ಉಂಟೆಂದು ತಿಳಿಯುವುದು. ಮರಾಠಿ ಆ ಅರ್ಥವನ್ನು ಇಂದಿಗೂ ಕಾಪಾಡಿಕೊಂಡಿದೆ. ಕನ್ನಡಿಗನಿಗೆ ಮಾತ್ರ ಹೊಗೆಯಲ್ಲಿ ಬೆಂಕಿ ಕಾಣದೆ ನೆರೆಮನೆಯವನು ಕಾಣುತ್ತಾನೆ. ಹೀಗಾಗಿ ಗಡಹಿಂಗ್ಲಜದ ಕನ್ನಡ ಹುಡುಗ ಮರಾಠಿ ಶಾಲೆಯ ಪ್ರಯೋಗವಹಿಯಲ್ಲಿ ‘ಅನುಮಾನ’ ಬರೆದರೆ ಅಂಕ, ಮನೆಗೆ ಬಂದು ‘ಅನಮಾನ’ ಅಂದರೆ ಕಪಾಳಕ್ಕೆ ಏಟು. ‘ಗುಮಾನಿ’ ಪೊಲೀಸರ ಸೊತ್ತು, ಬಿಡಿ. ‘ಡೌಟು’ ಮಾಸ್ತರರನ್ನು ಕೇಳುವಂಥದು. ಸಂಶೆ ಯಾರನ್ನೂ ಕೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವಂಥದು. ‘ಶಂಕೆ’ಗೆ ಎರಡೂ ಭಾಷೆಯವರು ಲಘು ಎಂಬ ವಿಶೇಷಣ ಹಚ್ಚಿ ಬಸ್ ನಿಲ್ದಾಣದ ಹಿಂಬದಿಗೆ ಕಳಿಸಿದ ಮೇಲೆ ಅದರ ಗಾಂಭೀರ್ಯ ಉಳಿಯಲಿಲ್ಲ. ಆದರೂ ಗಡಹಿಂಗ್ಲಜದ ಬಸ್ಸು ಗಡಿ ದಾಟಿದರೆ ಸಿಗುವುದು ಸಂಕೇಶ್ವರ, ಅರ್ಥಾತ್ ಶಂಕೆಗೆ ಈಶ್ವರ. ಊರವರು ಶಂಕರಲಿಂಗನ ಗುಡಿ ತೋರಿಸಿ ಬೇರೆಯೇ ಹೇಳುತ್ತಾರೆ. ಗುಡಿ ಸಾಕ್ಷ್ಯವಾದೀತು, ವ್ಯುತ್ಪತ್ತಿಯಾಗದು.

ಇನ್ನು ಕ್ರಿಯಾಪದ. ಮರಾಠಿಯಲ್ಲಿ ‘ಸಂಶಯ ಘೇಣೆ’, ಅಂದರೆ ಕೈಚಾಚಿ ತೆಗೆದುಕೊಳ್ಳುವುದು. ಕನ್ನಡದಲ್ಲಿ ಸಂಶೆ ‘ಬರತೈತಿ’, ಹೇಳದೆ ಕೇಳದೆ ಬಂದಿಳಿಯುವ ಬೀಗರಂತೆ. ಆದ್ದರಿಂದ ವ್ಯಾಕರಣದ ಪ್ರಕಾರ ಕನ್ನಡಿಗ ನಿರಪರಾಧಿ. ಮರಾಠಿಯಲ್ಲೂ ‘ಸಂಶಯ ಯೇತೋ’ ಉಂಟಲ್ಲ ಎಂಬ ಪೂರ್ವಪಕ್ಷ ನಮ್ಮ ಕಿವಿಗೆ ಬಿದ್ದಿಲ್ಲ.

ಈಗ ಸಿದ್ಧಾಂತ: ಸಂಶೆ ಎಂಬ ಶಬ್ದ ತನ್ನ ಪೂರ್ಣಾರ್ಥವನ್ನು ಪಡೆಯುವುದು ‘ಇಲ್ಲ’ ಎಂಬುದರ ಜೊತೆಯಲ್ಲಿ ಮಾತ್ರ.

ಕಾಟಾ-ಪ್ರಕರಣ ನೋಡಿ. ರೈತ ಕಬ್ಬಿನ ಟ್ರ್ಯಾಕ್ಟರನ್ನು ಮೊದಲು ಖಾಸಗಿ ಕಾಟಾದ ಮೇಲೆ ಹತ್ತಿಸಿ, ಚೀಟಿ ಒಳಜೇಬಿಗೆ ಇಳಿಸಿ, ಆಮೇಲೆ ಕಾರ್ಖಾನೆಗೆ ಬರುತ್ತಾನೆ. ತೂಕದ ಹುಡುಗ ಕೇಳುತ್ತಾನೆ: “ಯಾಕ್ರೀ ಕಾಕಾ, ನಮ್ಮ ಮ್ಯಾಲ ಸಂಶೆ ಏನ್ರೀ?”

“ಏ, ಸಂಶೆ ಏನಿಲ್ಲೋ ತಮ್ಮಾ. ಸುಮ್ನ ಒಂದ ಸಲ ನೋಡೂಣಂತ.”

ಇಲ್ಲಿ ‘ಸುಮ್ನ’ ಎಂಬ ಅವ್ಯಯಕ್ಕೆ ‘ಕಳೆದ ಹಂಗಾಮಿನಿಂದಲೂ’ ಎಂದು ಅರ್ಥ. ‘ತಮ್ಮಾ’ ಎಂಬುದು ಸಂಬೋಧನೆಯಲ್ಲ, ನೋಟೀಸು.

ಇಚಲಕರಂಜಿಯಲ್ಲಿ ಇದೇ ಸಂಶೆ ಉಪಕರಣಸಹಿತವಾಗಿದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಇಂದು ಊರಿಗೆ ಊರೇ ಖಟಖಟ. ಮಜೂರಿ ಪಿಕ್ಕಿನ ಲೆಕ್ಕದಲ್ಲಿ, ಅಂದರೆ ಒಂದಿಂಚು ಬಟ್ಟೆಯಲ್ಲಿ ಹೊಕ್ಕಿನ ಎಳೆ ಎಷ್ಟು ಎಂಬುದರ ಮೇಲೆ. ವ್ಯಾಪಾರಿ ಚಹಾ ತರಿಸುತ್ತಾನೆ, ಮಗಳ ಮದುವೆ ವಿಚಾರಿಸುತ್ತಾನೆ, “ನಿಮ್ಮ ಮ್ಯಾಲ ಪೂರಾ ವಿಶ್ವಾಸ ಐತ್ರಿ” ಅನ್ನುತ್ತಾನೆ. ಅನ್ನುತ್ತಲೇ ಜೇಬಿನಿಂದ ಮಡಚುವ ಪಿಕ್ ಗ್ಲಾಸ್ ತೆಗೆದು ಥಾನಿನ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಸೂಜಿಮೊನೆಯಿಂದ ಎಳೆ ಎಣಿಸತೊಡಗುತ್ತಾನೆ. ಗೌತಮರ ಬಳಿ ಈ ಭೂತಗನ್ನಡಿ ಇದ್ದಿದ್ದರೆ ಸಂಜೆಗತ್ತಲಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂದು ಶಿಷ್ಯರು ಎರಡು ಸಾವಿರ ವರ್ಷ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ದಾಂಪತ್ಯ-ಸಂಶೆಯನ್ನು ಮರಾಠಿ ನಾಟಕಕಾರ ಗೋವಿಂದ ಬಲ್ಲಾಳ ದೇವಲರು ಮುಗಿಸಿಟ್ಟಿದ್ದಾರೆ. ಸಾಂಗ್ಲಿ ಬಳಿಯ ಹರಿಪುರದ ಈ ಪುಣ್ಯಾತ್ಮರು ಮೊದಲು ಒಥೆಲೊವನ್ನು ‘ಝುಂಝಾರರಾವ್’ ಮಾಡಿ ಅಳಿಸಿದರು, 1916ರಲ್ಲಿ ಮೊಲಿಯೇರನ ಮೂಲದಿಂದ ಹರಿದುಬಂದ ಕತೆಯನ್ನು ‘ಸಂಶಯಕಲ್ಲೋಳ’ ಮಾಡಿ ನಗಿಸಿದರು. ಕಾರಣವೂ ಒಂದೇ, ರೋಗವೂ ಒಂದೇ. ಒಂದರಲ್ಲಿ ಹೆಂಡತಿ ಸಾಯುತ್ತಾಳೆ, ಇನ್ನೊಂದರಲ್ಲಿ ನಾಟ್ಯಪದ ಹಾಡುತ್ತಾರೆ. ಸಂಶೆಯುಳ್ಳ ಮನೆಯಲ್ಲಿ ಹಾರ್ಮೋನಿಯಂ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಉಳಿದದ್ದು ರಾಜಕೀಯ-ಸಂಶೆ. ಇದರ ವಾಸ ನೀರಿನಲ್ಲಿ. ಪಂಚಗಂಗೆ ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ 39 ಅಡಿಗೆ ಬಂದರೆ ಎಚ್ಚರಿಕೆ, 43ಕ್ಕೆ ಅಪಾಯ. ಅಷ್ಟಾದ ಕೂಡಲೇ ಊರಿನ ಕಣ್ಣು ಹರಿವಿನ ಜೊತೆ ಕೆಳಕ್ಕೆ ಇಳಿದು ಆಲಮಟ್ಟಿ ಅಣೆಕಟ್ಟಿನ 519.60 ಮೀಟರಿನ ಮೇಲೆ ನೆಡುತ್ತದೆ. ಅದನ್ನು 524.256ಕ್ಕೆ ಏರಿಸಲು ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು ಉರಿಯುವ ಒಲೆಗೆ ತುಪ್ಪವಾಯಿತು. 2019ರ ಮಹಾಪೂರದ ನಂತರ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡ್ನೇರೆ ಸಮಿತಿ, ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದು ವರದಿ ಕೊಟ್ಟಿತು. ಸಂಶೆ ಅಣೆಕಟ್ಟಿನಿಂದ ಇಳಿದು ಸಮಿತಿಯ ಹೆಗಲೇರಿತು. 2025ರಲ್ಲೂ ಆಲಮಟ್ಟಿ ಎತ್ತರದ ವಿರುದ್ಧ ರಸ್ತೆ ತಡೆ ನಡೆಯಿತು. ಇತ್ತ ಬೆಳಗಾವಿ, ಬಾಗಲಕೋಟೆಯ ಹೊಳೆಸಾಲಿನವರ ಕಣ್ಣು ಮೇಲಕ್ಕೆ, ಕೊಯ್ನಾದತ್ತ. ನೀರು ಒಂದೇ ದಿಕ್ಕಿಗೆ ಹರಿಯಬಲ್ಲದು. ಸಂಶೆಗೆ ಆ ನಿರ್ಬಂಧವಿಲ್ಲ.

ಮಳೆಗಾಲ ಬಂತೆಂದರೆ ಎರಡೂ ರಾಜ್ಯಗಳ ಅಧಿಕಾರಿಗಳು ಸಮನ್ವಯ ಸಭೆ ಕೂಡುತ್ತಾರೆ. ಅಂಥ ಸಭೆಯಲ್ಲಿ ಯಾರಾದರೂ ಎದ್ದು “ನಿಮ್ಮ ಮೇಲೆ ನಮಗೆ ಲವಲೇಶವೂ ಸಂಶಯವಿಲ್ಲ” ಎಂದರೆ, ಮೇಲ್ಕಂಡ ಸಿದ್ಧಾಂತದ ಮೇರೆಗೆ, ಹೊಳೆದಂಡೆಯವರು ಅದೇ ಸಂಜೆ ದನಕರು ಬಿಚ್ಚಿಕೊಂಡು, ರೇಷನ್ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಎತ್ತರದ ಜಾಗಕ್ಕೆ ಹೋಗತಕ್ಕದ್ದು.