ದಿಂಬಿಗೊರಗಿದ ಮೇಜರ್ ಸಾಹೇಬರು

ಸೈನ್ಯಕ್ಕೆ ಸೇರೋದು ಈಗ ಬಹಳ ಸುಲಭ ಸ್ವಾಮಿ. ಓಡಬೇಕಿಲ್ಲ, ಎದೆಯ ಅಳತೆ ಕೊಡಬೇಕಿಲ್ಲ. ರಾತ್ರಿ ಊಟ ಮುಗಿಸಿ, ದಿಂಬಿಗೊರಗಿ, ಮೊಬೈಲಿನಲ್ಲಿ ‘ಮಿಲಿಟರಿ ಸ್ಲ್ಯಾಂಗ್’ ಅಂತ ಹುಡುಕಿದರೆ ಆಯ್ತು. ಬೆಳಗಾಗೋ ಹೊತ್ತಿಗೆ ನೀವು ಮೇಜರ್!

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಅಂಥವರೊಬ್ಬರಿದ್ದಾರೆ. ಹೊಟ್ಟೆಪಾಡಿಗೆ ಲೆಕ್ಕಪತ್ರ, ಹವ್ಯಾಸಕ್ಕೆ ರಣರಂಗ. ನೀರಿನ ಟ್ಯಾಂಕರ್ ‘ಏಟೀನ್ ಹಂಡ್ರೆಡ್ ಅವರ್ಸ್’ಗೆ ಬರುತ್ತೆ ಅಂತಾರೆ, ಪಾಪ, ಟ್ಯಾಂಕರ್ ಡ್ರೈವರ್ ಸಾಯಂಕಾಲ ಆರಕ್ಕೇ ಬಂದು ಹೋಗಿರ್ತಾನೆ. ಮನೆಯಾಕೆ ಕೊತ್ತಂಬರಿ ತನ್ನಿ ಅಂದರೆ ‘ರೋಜರ್’. ಫೋನ್ ಇಡುವಾಗ ‘ಓವರ್ ಅಂಡ್ ಔಟ್’.

ವೈರ್‌ಲೆಸ್ಸಿನಲ್ಲಿ ಓವರ್ ಅಂದರೆ ನನ್ನ ಮಾತಾಯ್ತು, ಈಗ ನೀನು ಹೇಳು ಅಂತ. ಔಟ್ ಅಂದರೆ ಇಲ್ಲಿಗೆ ಮುಗೀತು, ಉತ್ತರ ಬೇಡ ಅಂತ. ಎರಡನ್ನೂ ಒಟ್ಟಿಗೆ ಹೇಳೋದು, ಊಟಕ್ಕೆ ಬನ್ನಿ ಅಂತ ಕರೆದು ಬಾಗಿಲು ಹಾಕಿಕೊಂಡ ಹಾಗೆ. ಇದು ಸಿನಿಮಾದವರ ಕೊಡುಗೆ. ಇನ್ನು ರೋಜರ್ ಅಂದರೆ ‘ಕೇಳಿಸಿತು’ ಅಂತ, ಅಷ್ಟೇ. ‘ಮಾಡ್ತೀನಿ’ ಅನ್ನೋದಕ್ಕೆ ‘ವಿಲ್ಕೋ’ ಅಂತ ಬೇರೆಯೇ ಇದೆ. ನಮ್ಮ ಗಂಡಸರು ರೋಜರ್ ಮಾತ್ರ ಕಲಿತು ವಿಲ್ಕೋ ಬಿಟ್ಟಿರೋದು ಮರೆತು ಅಂತ ನಾನಂತೂ ನಂಬೋದಿಲ್ಲ.

ಹುಡುಕುತ್ತಾ ಹೋದರೆ ನಮ್ಮ ಬೆಂಗಳೂರೂ ಸಿಗುತ್ತೆ. ದೋಸೆಗಲ್ಲ, ಸಾಫ್ಟ್‌ವೇರಿಗೂ ಅಲ್ಲ, ಸಿಡಿಮದ್ದಿಗೆ! 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಒಂದು ಉಪಾಯ ಹೂಡಿದ. ಕೊಳವೆಗಳಿಗೆ ಮದ್ದು ತುಂಬೋದು, ಒಂದರ ತುದಿಗೊಂದು ಜೋಡಿಸಿ ಮುಳ್ಳುತಂತಿಯ ಬೇಲಿಯ ಅಡಿಗೆ ತಳ್ಳೋದು, ದೂರದಿಂದಲೇ ಸಿಡಿಸಿ ದಾರಿ ಬಿಡಿಸೋದು. ಅದೇ ‘ಬ್ಯಾಂಗಲೋರ್ ಟಾರ್ಪೆಡೊ’. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ಬೇಲಿ ಒಡೆಯೋಕೆ ಇದನ್ನೇ ಬಳಸಿದರು. ಅವರ ಬಾಯಲ್ಲಿ ಅದು ಬರೀ ‘ಬ್ಯಾಂಗಲೋರ್’. ನಾವು 2014ರಲ್ಲಿ ಊರಿಗೆ ಬೆಂಗಳೂರು ಅಂತ ಅಧಿಕೃತವಾಗಿ ಹೆಸರಿಟ್ಟೆವು. ಆ ಗೆಜೆಟ್ಟು ಮದ್ದಿನ ಕೊಳವೆಯವರೆಗೆ ಇನ್ನೂ ತಲುಪಿಲ್ಲ.

ತಮಾಷೆ ಇರಲಿ. ಸೈನ್ಯದ ಈ ಭಾಷೆ ಹುಟ್ಟಿದ್ದು ಶೋಕಿಗಲ್ಲ. ಗುಂಡಿನ ಸದ್ದಿನ ನಡುವೆ ಬಿ, ಡಿ, ಪಿ ಮೂರೂ ಒಂದೇ ಥರ ಕೇಳಿಸುತ್ತವೆ. ನಕ್ಷೆಯಲ್ಲಿ ಒಂದಕ್ಷರ ತಪ್ಪಿದರೆ ಫಿರಂಗಿ ನಮ್ಮವರ ಮೇಲೇ ತಿರುಗೀತು. ಅದಕ್ಕೇ ಆ ಅಕ್ಷರಗಳ ಬದಲು ಬ್ರಾವೋ, ಡೆಲ್ಟಾ, ಪಾಪಾ. ನಾವೋ, ಮಿಕ್ಸಿ ಕೂಡ ಓಡದ ನಿಶ್ಶಬ್ದದಲ್ಲಿ ಕೂತು ಬ್ರಾವೋ ಅಂತೀವಿ.

ನಿಜವಾಗಿ ಕುತೂಹಲವಿದ್ದರೆ ಮೊಬೈಲ್ ಪಕ್ಕಕ್ಕಿಡಿ. ಕೊಡಗಿಗೋ ಬೆಳಗಾವಿಗೋ ಹೋದಾಗ ನಿವೃತ್ತ ಸುಬೇದಾರರೊಬ್ಬರನ್ನು ಮಾತಿಗೆಳೆಯಿರಿ. ಅವರು ಹೇಳೋದು ಕಡಿಮೆ, ಹೇಳಿದ್ದಷ್ಟೂ ಅನುಭವಿಸಿದ್ದು. ಒಂದೇ ಷರತ್ತು: ಅವರು ಮಾತಾಡುವಾಗ ನಡುವೆ ಬಾಯಿ ಹಾಕಿ ಅವರಿಗೇ ಯುದ್ಧ ಕಲಿಸಬೇಡಿ.