ಮೇಷ್ಟ್ರ ಮೇಷ್ಟ್ರು

ಮಕ್ಕಳಿಗೆ ಪಾಠ ಹೇಳುವವರು ಮೇಷ್ಟ್ರು. ಪಾಠ ಹೇಳುವುದು ಹೇಗೆಂದು ಆ ಮೇಷ್ಟ್ರಿಗೆ ಪಾಠ ಹೇಳುವವರು ಬಿ.ಎಡ್. ಕಾಲೇಜಿನ ಮೇಷ್ಟ್ರು. ನಮ್ಮ ಯಾವ ಜಿಲ್ಲಾ ಕೇಂದ್ರಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನೊಂದು ನೀಲಿ ಪೆನ್ನೊಂದು, ಕಂಕುಳಲ್ಲಿ ಪಾಠವೀಕ್ಷಣೆಯ ಪುಸ್ತಕ. ಮೂವತ್ತು ವರ್ಷದ ಸರ್ವೀಸಿನಲ್ಲಿ ಲೆಕ್ಕವಿಲ್ಲದಷ್ಟು ಜನರನ್ನು ಮೇಷ್ಟ್ರುಗಳನ್ನಾಗಿ ಮಾಡಿ ಕಳಿಸಿದ್ದಾರೆ. ಅವರೇ ಮಕ್ಕಳೆದುರು ಸೀಮೆಸುಣ್ಣ ಹಿಡಿದು ನಿಂತದ್ದು ಯಾವ ಕಾಲದಲ್ಲಿ ಎಂದು ಮಾತ್ರ ಕೇಳಬಾರದು. ಈಜು ಕಲಿಸುವವನು ದಡದ ಮೇಲೆಯೇ ಇರಬೇಕು ಎಂಬುದು ಅವರ ಸಿದ್ಧಾಂತ.

ಅವರ ಮೊದಲ ತರಗತಿಯ ವಿಷಯ ‘ಉಪನ್ಯಾಸ ಪದ್ಧತಿಯ ದೋಷಗಳು’. ಇದನ್ನು ಎರಡು ಪೀರಿಯಡ್ಡು ಉಪನ್ಯಾಸ ಮಾಡಿಯೇ ತಿಳಿಸುತ್ತಾರೆ. “ಈ ಪದ್ಧತಿಯಲ್ಲಿ ವಿದ್ಯಾರ್ಥಿ ನಿಷ್ಕ್ರಿಯನಾಗಿ ಕೂತಿರುತ್ತಾನೆ, ಬರ್ಕೊಳ್ಳಿ” ಎನ್ನುತ್ತಾರೆ. ಎಲ್ಲರೂ ನಿಷ್ಕ್ರಿಯರಾಗಿ ಕೂತು ಬರೆದುಕೊಳ್ಳುತ್ತಾರೆ. ಮೇಷ್ಟ್ರ ನೋಟ್ಸಿನ ಹಾಳೆಗಳು ಹಳದಿಗಟ್ಟಿ, ಅಂಚು ಮುರಿಯದಿರಲೆಂದು ಸೆಲ್ಲೋಟೇಪು ಸುತ್ತಿಸಿಕೊಂಡಿವೆ. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ‘ಇಲ್ಲಿ ನಗೆಹನಿ’ ಎಂದಿದೆ. ಹಿಂದಿನ ವರ್ಷದವರ ನೋಟ್ಸು ಜೆರಾಕ್ಸ್ ಮಾಡಿಸಿಕೊಂಡವರು ಆ ಜಾಗಕ್ಕೆ ಒಂದು ವಾಕ್ಯ ಮೊದಲೇ ನಕ್ಕುಬಿಡುವುದುಂಟು.

ಶೈಕ್ಷಣಿಕ ಮನೋವಿಜ್ಞಾನ ಅವರ ಅಚ್ಚುಮೆಚ್ಚಿನ ಪತ್ರಿಕೆ. ಪಾವ್ಲೋವನ ನಾಯಿ ಗಂಟೆ ಕೇಳಿ ಜೊಲ್ಲು ಸುರಿಸುತ್ತದೆ, ಥಾರ್ನ್‌ಡೈಕನ ಬೆಕ್ಕು ಪೆಟ್ಟಿಗೆಯಿಂದ ಹೊರಬರಲು ಒದ್ದಾಡುತ್ತದೆ, ಸ್ಕಿನ್ನರನ ಇಲಿ ಸನ್ನೆಗೋಲು ಒತ್ತಿ ಕಾಳು ತಿನ್ನುತ್ತದೆ. ಕೋಹ್ಲರನ ಚಿಂಪಾಂಜಿ ಸುಲ್ತಾನ್ ಎರಡು ಕೋಲು ಜೋಡಿಸಿ ಹಣ್ಣು ಎಳೆದುಕೊಳ್ಳುವ ಘಟ್ಟ ಬಂದಾಗ ಮೇಷ್ಟ್ರ ದನಿ ಹೆಮ್ಮೆಯಿಂದ ನಡುಗುತ್ತದೆ. ಸ್ವಂತ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಅವರು ಅಷ್ಟು ಹಿಗ್ಗಿರಲಿಲ್ಲವಂತೆ. “ಇದರಲ್ಲಿ ಮಕ್ಕಳು ಯಾವಾಗ ಬರ್ತಾರೆ ಸಾರ್?” ಎಂದು ಒಬ್ಬ ಕೇಳಿದ್ದಕ್ಕೆ, “ಪಿಯಾಜೆ ಎರಡನೇ ಇಂಟರ್ನಲ್ ಆದ್ಮೇಲೆ” ಎಂದರು.

ಆಮೇಲೆ ಅಣುಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಈ ವಿದ್ಯೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಪಂಚಾಂಗದ ಶಿಸ್ತು ಪಡೆದುಕೊಂಡಿತು. ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಬೋಧನೆ, ಆರು ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಇದರಲ್ಲಿ ಸಹಪಾಠಿಗಳೇ ಆರನೇ ಕ್ಲಾಸಿನ ಮಕ್ಕಳಾಗಬೇಕು. ಗಿರಿಜಾಮೀಸೆಯವರೊಬ್ಬರು ಕೈಕಟ್ಟಿ ಎದ್ದುನಿಂತು, “ಎಲೆ ಹಸಿರಾಗಿದೆ ಮಿಸ್” ಎನ್ನುತ್ತಾರೆ. ಎರಡು ಮಕ್ಕಳ ತಾಯಿ ಕಿರುಬೆರಳೆತ್ತಿ ಹೊರಗೆ ಹೋಗಲು ಪರ್ಮಿಷನ್ ಕೇಳಿದರೆ ಅದು ನಟನೆಯೋ ನಿಜವೋ ಗೊತ್ತಾಗುವುದಿಲ್ಲ. ಮೇಷ್ಟ್ರು ಹಿಂದೆ ಕೂತು, ಎಷ್ಟು ಸಲ ‘ಗುಡ್’ ಎಂದಿರಿ, ಎಷ್ಟು ಸಲ ತಲೆಯಾಡಿಸಿದಿರಿ ಎಂದು ಗೆರೆ ಎಳೆದು ಎಣಿಸುತ್ತಾರೆ. ‘ಗುಡ್’ ಕಮ್ಮಿಯಾದರೆ ಪ್ರಬಲನ ಸಾಲದು, ಜಾಸ್ತಿಯಾದರೆ ಪ್ರಬಲನದ ದುರ್ಬಳಕೆ.

ಪಾಠಯೋಜನೆಯದು ಇನ್ನೊಂದು ಪುರಾಣ. ಅಡ್ಡಹಾಳೆಯ ತುಂಬ ಕಾಲಮ್ಮುಗಳು. ತಾನು ಏನು ಕೇಳಬೇಕು ಎಂಬುದಷ್ಟೇ ಅಲ್ಲ, ಮಗು ಏನು ಉತ್ತರ ಕೊಡುತ್ತದೆ ಎಂಬುದನ್ನೂ ಹಿಂದಿನ ರಾತ್ರಿಯೇ ಬರೆದಿಡಬೇಕು. ಕೊನೆಗೆ ‘ವಿದ್ಯಾರ್ಥಿಗಳು ಗಮನವಿಟ್ಟು ಕೇಳುತ್ತಾರೆ’ ಎಂಬ ಸಾಲು ಕಡ್ಡಾಯ. ಕನ್ನಡದಲ್ಲಿ ಇಷ್ಟೊಂದು ಕಲ್ಪನಾಸಾಹಿತ್ಯ ವರ್ಷವರ್ಷವೂ ಸೃಷ್ಟಿಯಾಗಿ ಗುಜರಿ ಸೇರುವುದನ್ನು ಯಾವ ವಿಮರ್ಶಕನೂ ಗಮನಿಸಿಲ್ಲ.

ಪಾಠದ ಹೆಸರನ್ನು ಪಾಠ ಮಾಡುವವರು ಹೇಳಕೂಡದು, ಪೀಠಿಕಾ ಪ್ರಶ್ನೆಗಳಿಂದ ಮಗುವಿನ ಬಾಯಲ್ಲೇ ಬರಿಸಬೇಕು. ಅಭ್ಯಾಸ ಬೋಧನೆಗೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ‘ನೀರು’.

“ಬೆಳಗ್ಗೆ ಎದ್ದು ಏನು ಕುಡೀತೀರಿ ಮಕ್ಕಳೇ?”

“ಟೀ ಮಿಸ್.”

“ಟೀಗೆ ಏನು ಹಾಕ್ತಾರೆ?”

“ಸಕ್ಕರೆ ಮಿಸ್.”

“ಸಕ್ಕರೆಗಿಂತ ಮೊದಲು?”

“ಹಾಲು ಮಿಸ್.”

“ಹಾಲಿಗೆ ಏನು ಸೇರಿಸ್ತಾರೆ?”

ಹಾಲಿನವನ ಮಗ ತಲೆ ತಗ್ಗಿಸಿ ಕೂತ. ಪ್ರಶಿಕ್ಷಣಾರ್ಥಿಯ ಹಣೆಯಲ್ಲಿ ಆ ನೀರೇ ಮೂಡಿತು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕನಿಕರದಿಂದ, “ನೀರು ಮಿಸ್. ಈಗ ಬೋರ್ಡ್ ಮೇಲೆ ಬರೀರಿ” ಎಂದಳು. ಅಭ್ಯಾಸ ಬೋಧನೆಗೆ ಗೊತ್ತುಮಾಡಿದ ಶಾಲೆಗಳ ಮಕ್ಕಳು ಹೀಗೆಯೇ. ವರ್ಷವರ್ಷವೂ ಹೊಸ ಬ್ಯಾಚು ಕಂಡು ನುರಿತವರು. ಹಿಂದಿನ ಬಾಗಿಲಲ್ಲಿ ಮೇಷ್ಟ್ರ ನೆರಳು ಬಿದ್ದೊಡನೆ ನೆಟ್ಟಗೆ ಕೂತು, “ಚಾರ್ಟ್ ತೋರಿಸಿ ಮಿಸ್, ಸಾರ್ ಬಂದ್ರು” ಎಂದು ಪಿಸುಗುಟ್ಟುತ್ತಾರೆ. ಹೀಗಿರುವಾಗ ಮೇಷ್ಟ್ರುಗಳನ್ನು ತಯಾರು ಮಾಡುವವರು ನಿಜಕ್ಕೂ ಯಾರು ಎಂಬ ಬಗ್ಗೆ ನನಗೆ ನನ್ನದೇ ಅಭಿಪ್ರಾಯವಿದೆ. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಕೂತು ಬರೆಯುವುದು ಮೂರೇ ವಾಕ್ಯ: ‘ಧ್ವನಿ ಸ್ಪಷ್ಟವಾಗಿದೆ. ಉಪಕರಣ ಬಳಕೆ ಸಮಂಜಸ. ಕಪ್ಪುಹಲಗೆ ಕೆಲಸ ಸುಧಾರಿಸಬೇಕು.’

ಇಷ್ಟಾದರೂ ಅವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನೌಕರಿ ಸಿಕ್ಕ ಮೊದಲ ವಾರವೇ ಶಿಷ್ಯರು ಪಾಠಯೋಜನೆ ಮರೆಯುತ್ತಾರೆ, ಬ್ಲೂಮನ ವರ್ಗೀಕರಣ ಮರೆಯುತ್ತಾರೆ. ಹಲಗೆಯನ್ನು ಡಸ್ಟರಿನಿಂದ ಮೇಲಿನಿಂದ ಕೆಳಕ್ಕೆ ಒರೆಸಬೇಕು, ಅಡ್ಡಡ್ಡ ಒರೆಸಿದರೆ ಮುಂದಿನ ಬೆಂಚಿನವರ ಮೂಗಿಗೆ ಧೂಳು ಎಂಬುದನ್ನು ಮರೆಯುವುದಿಲ್ಲ. ಬರೆದದ್ದಕ್ಕೆ ಅಡ್ಡ ನಿಲ್ಲಬಾರದು. ಮೊದಲು ಪ್ರಶ್ನೆ, ಆಮೇಲೆ ಹೆಸರು. ಹೆಸರು ಮೊದಲು ಕರೆದರೆ ಉಳಿದವರೆಲ್ಲ ಯೋಚಿಸುವುದನ್ನೇ ಬಿಡುತ್ತಾರೆ. ಬೀದರಿನಿಂದ ಚಾಮರಾಜನಗರದವರೆಗೆ ನೂರಾರು ಕೊಠಡಿಗಳಲ್ಲಿ ದಿನವೂ ಇದು ನಡೆಯುತ್ತಿದೆ. ಹೇಳಿಕೊಟ್ಟವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಸುಧಾರಣೆಗಳು ಅವರನ್ನು ಅಲುಗಿಸಲಿಲ್ಲ. ಪಾಠಕ್ಕೆ ಹರ್ಬಾರ್ಟನ ಹೆಸರಿನ ಐದು ಹಂತಗಳಿದ್ದವು. 2005ರ ಪಠ್ಯಕ್ರಮ ಚೌಕಟ್ಟಿನ ಬೆನ್ನಿಗೆ ರಚನಾವಾದ ಬಂದು, ಐದು ‘ಇ’ ಹಂತಗಳು ಬಂದವು. ಐದು ಐದೇ ಆಗಿ ಉಳಿದದ್ದರಿಂದ ಮೇಷ್ಟ್ರು ನೋಟ್ಸಿನ ರಟ್ಟು ಮಾತ್ರ ಬದಲಾಯಿಸಿದರು. 2015ರಲ್ಲಿ ಒಂದು ವರ್ಷದ ಬಿ.ಎಡ್. ಎರಡು ವರ್ಷವಾಯಿತು. ಅದೇ ನೋಟ್ಸನ್ನು ಅರ್ಧ ವೇಗದಲ್ಲಿ ಓದಿದರು.

ಇಂಥ ಮೇಷ್ಟ್ರೊಬ್ಬರ ಬೀಳ್ಕೊಡುಗೆಗೆ ಹೋಗಿದ್ದೆ. ಶಾಮಿಯಾನದ ತುಂಬ ಹಳೆಯ ಶಿಷ್ಯರು: ಹೈಸ್ಕೂಲಿನ ಹೆಡ್‌ಮಾಸ್ಟರರು, ಒಬ್ಬಿಬ್ಬರು ಬಿಇಒಗಳು. ಪಕ್ಕದಲ್ಲೇ ಅಡುಗೆ ಸಿದ್ಧವಾಗಿ, ಹೋಳಿಗೆಯ ಘಮ ಬರುತ್ತಿತ್ತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಮೈಕು ಮೇಷ್ಟ್ರ ಕೈಗೆ ಬಂತು. ಅವರು ಗಂಟಲು ಸರಿಮಾಡಿಕೊಂಡು, ಸಭೆಯನ್ನು ಎಡದಿಂದ ಬಲಕ್ಕೆ ನೋಡಿ ಕೇಳಿದರು:

“ನಾವೆಲ್ಲ ಇವತ್ತು ಇಲ್ಲಿ ಯಾಕೆ ಸೇರಿದ್ದೀವಿ?”

ಬೇಕಾಗಿದ್ದ ಉತ್ತರ ‘ನಿವೃತ್ತಿ’ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಹಿಂದಿನ ಸಾಲಿನ ಒಬ್ಬ ಬಿಇಒ, ಯಾವ ಹಳೆಯ ಸಿಟ್ಟೋ, ಕೈಯೆತ್ತಿದರು.

“ಊಟಕ್ಕೆ ಸಾರ್.”

“ಒಳ್ಳೆಯದು” ಎಂದರು ಮೇಷ್ಟ್ರು, ತಲೆಯಾಡಿಸಿ. “ಊಟಕ್ಕೆ ಮೊದಲು ಏನು ಮಾಡ್ತೀವಿ?”

“ಕೈ ತೊಳೀತೀವಿ ಸಾರ್.”

“ಸರಿ. ಕೈ ಯಾವಾಗ ತೊಳ್ಕೊಳ್ತೀವಿ?”

“ಕೆಲಸ ಮುಗಿದ ಮೇಲೆ ಸಾರ್” ಎಂದು ಹೆಡ್‌ಮಾಸ್ಟರರೊಬ್ಬರು ದಾರಿಗೆ ತರಲು ನೋಡಿದರು.

“ಶಭಾಷ್! ಹಾಗಾದ್ರೆ, ಮೂವತ್ತು ವರ್ಷದ ಕೆಲಸ ಮುಗಿದ್ರೆ ಅದಕ್ಕೆ ಏನಂತಾರೆ?”

“ಪೆನ್ಷನ್ ಸಾರ್!” ಎಂದು ಇಡೀ ಶಾಮಿಯಾನ ಒಕ್ಕೊರಲಿನಿಂದ ಕೂಗಿತು.

ಮೇಷ್ಟ್ರು ಬೇಸರಪಡಲಿಲ್ಲ. ಪ್ರಶ್ನೆಯನ್ನು ಇನ್ನಷ್ಟು ಸರಳಗೊಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಅಡುಗೆಯವನು ಬಂದು ಇಣುಕಿ ನೋಡಿ, ಸಾರಿನ ಕೊಳಗವನ್ನು ಪುನಃ ಒಲೆಯ ಮೇಲಿಟ್ಟ.